ಕಾಫಿ ಜೊತೆ ಥೈರಾಯ್ಡ್ ಮಾತ್ರೆ

"ಬೆಳಿಗ್ಗೆ ಕಾಫಿ ಜೊತೆಗೇ ಕೊಟ್ಬಿಡ್ತೀನಿ ಡಾಕ್ಟ್ರೇ, ಒಂದು ದಿನಾನೂ ತಪ್ಪಿಸಿಲ್ಲ."

ಈ ವಾರ ವಿರಾಜಪೇಟೆಯಲ್ಲಿ ಮಗಳನ್ನು ಕರೆತಂದಿದ್ದ ತಾಯಿಯ ಮಾತು ಇದು. ಇಪ್ಪತ್ತರ ಹುಡುಗಿ. ಸೈಕೋಸಿಸ್ (ಭ್ರಮೆ, ಇಲ್ಲದ ದನಿ ಕೇಳುವಂಥ ಮನೋರೋಗ) ಶುರುವಾಗಿ ವರ್ಷವೂ ತುಂಬಿಲ್ಲ. ಅದಕ್ಕೆ ರಾತ್ರಿ ಒಲಾಂಜಪಿನ್, ಥೈರಾಯ್ಡ್ ಕುಗ್ಗಿದ್ದಕ್ಕೆ ಬೆಳಿಗ್ಗೆ 50 ಮೈಕ್ರೋಗ್ರಾಂ ಥೈರಾಕ್ಸಿನ್. ಆದರೂ ಟಿಎಸ್‌ಎಚ್ 18. ಥೈರಾಯ್ಡ್ ಕುಗ್ಗಿದಷ್ಟೂ ರಕ್ತದಲ್ಲಿ ಏರುವ ಅಂಕಿ ಇದು, ಇರಬೇಕಾದದ್ದು ಸುಮಾರು 0.4ರಿಂದ 4ರೊಳಗೆ. ಜೊತೆಗೆ ಬಂದಿದ್ದ ಸೋದರಮಾವನದು ಒಂದೇ ಪಟ್ಟು: "ಮಾತ್ರೆ ತಿಂದು ತಿಂದೇ ಸೋಮಾರಿ ಆಗಿದ್ದಾಳೆ, ಎಲ್ಲಾ ನಿಲ್ಲಿಸಿಬಿಡಿ."

ಆ 'ಸೋಮಾರಿ' ಎಂಬ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಹುಡುಗಿ ಅಲ್ಲೇ ತಲೆ ತಗ್ಗಿಸಿ ಕೂತಿದ್ದಳು. ದಿನವಿಡೀ ಮಲಗುವುದು, ಮಾತು ಕಡಿಮೆಯಾಗುವುದು, ತೂಕ ಏರುವುದು ಸೈಕೋಸಿಸ್‌ನಿಂದಲೂ ಬರಬಹುದು, ಒಲಾಂಜಪಿನ್‌ನಿಂದಲೂ ಬರಬಹುದು, ಥೈರಾಯ್ಡ್ ಕುಗ್ಗಿದರೂ ಬರಬಹುದು. ಕಣ್ಣಳತೆಯಲ್ಲಿ ಬೇರ್ಪಡಿಸಲಾಗದು. ಚಳಿ ತಡೆಯಲಾಗದಿರುವುದು ಥೈರಾಯ್ಡ್ ಲಕ್ಷಣವೇ, ಆದರೆ ಕೊಡಗಿನ ಮಳೆಗಾಲದಲ್ಲಿ ಚಳಿಯಾಗದವರು ಯಾರು? ಒಣ ಚರ್ಮ, ಒಡೆದ ದನಿ, ಮಲಬದ್ಧತೆ ಸುಳಿವು ಕೊಡುತ್ತವೆ, ರಕ್ತಪರೀಕ್ಷೆಯಿಂದಲೇ ಖಚಿತ. ಮುಟ್ಟು ನಿಂತರೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನೂ ನೋಡಬೇಕು. ಥೈರಾಯ್ಡ್ ಕುಗ್ಗಿದಾಗಲೂ ಅದು ಏರುತ್ತದೆ, ರಿಸ್ಪೆರಿಡೋನ್‌ನಂಥ ಸೈಕೋಸಿಸ್ ಮಾತ್ರೆಯಿಂದಲೂ ಏರುತ್ತದೆ.

ಈ ಮನೆಯಲ್ಲಿ ಎಡವಟ್ಟಾದದ್ದು ಲೋಟದಲ್ಲಿ. ಕಾಫಿ ಥೈರಾಕ್ಸಿನ್ ಅನ್ನು ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಬೆಲ್ಲದ ಕಪ್ಪು ಕಾಫಿಯಾದರೂ ಅಷ್ಟೇ. ಕೆದಕಿ ಕೇಳಿದಾಗ ಕಬ್ಬಿಣದ ಮಾತ್ರೆಯನ್ನೂ ಅದೇ ಹೊತ್ತಿಗೆ ಕೊಡುತ್ತಿದ್ದರೆಂದು ತಿಳಿಯಿತು. ಒಂದು ದಿನವೂ ಮರೆಯದ ಆ ತಾಯಿಯ ನಿಷ್ಠೆಗೆ ಸಲ್ಲಬೇಕಾದ ಫಲ ಸಿಕ್ಕಿರಲಿಲ್ಲ. ಚೀಟಿ ಬರೆದುಕೊಟ್ಟವರು ಎರಡು ನಿಮಿಷ ಕೂತು ಹೇಳಬೇಕಿತ್ತು.

ಬರೀ ನೀರಿನಲ್ಲಿ ಖಾಲಿ ಹೊಟ್ಟೆಗೆ ಮಾತ್ರೆ, ಅರ್ಧ-ಒಂದು ಗಂಟೆ ಬಿಟ್ಟು ಕಾಫಿ. ಕಬ್ಬಿಣ, ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಅಂತರ. ಒಲಾಂಜಪಿನ್ ಮಂಪರಿನಲ್ಲಿ ಬೆಳಿಗ್ಗೆ ಏಳಲಾಗದವರು ವೈದ್ಯರನ್ನು ಕೇಳಿ ಥೈರಾಕ್ಸಿನ್ ಅನ್ನು ಮಲಗುವಾಗ ತೆಗೆದುಕೊಳ್ಳಬಹುದು. ಊಟವಾಗಿ ಮೂರು ಗಂಟೆ ಕಳೆದಿರಬೇಕು. ಬಾಟಲಿಯಿಂದ ಕಾಗದದ ಪೊಟ್ಟಣಕ್ಕೆ ಸುರಿದಿಡಬೇಡಿ, ನಮ್ಮ ಮಳೆಗಾಲದ ತೇವಕ್ಕೆ ಮಾತ್ರೆ ಕೆಡುತ್ತದೆ.

"ಹಾಗಾದ್ರೆ ಡೋಸ್ ಜಾಸ್ತಿ ಮಾಡಿ" ಎಂದರು ಮಾವ. ಕಾಳಜಿಯಿಂದಲೇ ಅಂದದ್ದು, ಆದರೆ ಅಪಾಯ ಇರುವುದೇ ಇಲ್ಲಿ. ಡೋಸ್ ಏರಿಸಿದ ಮೇಲೆ ಕಾಫಿ ತಪ್ಪಿತೆನ್ನಿ, ಪೂರ್ತಿ ಮದ್ದು ಮೈಗೆ ಹತ್ತಿ ಅತಿಯಾಗುತ್ತದೆ. ಎದೆಬಡಿತ, ನಿದ್ದೆಗೇಡು, ಚಡಪಡಿಕೆ ಶುರು. ಕಾಯಿಲೆ ಮರುಕಳಿಸಿತೆಂದು ಸೈಕೋಸಿಸ್ ಮಾತ್ರೆಯನ್ನೂ ಏರಿಸಿಬಿಡುತ್ತಾರೆ. ಮೊದಲು ಕ್ರಮ ಸರಿಪಡಿಸಿ, 6ರಿಂದ 8 ವಾರ ಬಿಟ್ಟು ಟಿಎಸ್‌ಎಚ್ ನೋಡಬೇಕು. ಅದಕ್ಕೂ ಮೊದಲು ಅಂಕಿ ಸ್ಥಿರವಾಗುವುದಿಲ್ಲ. ಥೈರಾಯ್ಡ್ ಕುಗ್ಗಿಸಬಲ್ಲ ಲಿಥಿಯಂ ಎಂಬ ಮನೋರೋಗದ ಮದ್ದು ತೆಗೆದುಕೊಳ್ಳುವವರಿಗಂತೂ ಶುರುಮಾಡುವ ಮುನ್ನ, ಆಮೇಲೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಬೇಕೇಬೇಕು.

ಒಲಾಂಜಪಿನ್ ಮಾತ್ರ ನಿಲ್ಲಿಸುವಂತಿಲ್ಲ. ಥೈರಾಯ್ಡ್ ಸಿಕ್ಕಿತೆಂದು ಸೈಕೋಸಿಸ್ ಸುಳ್ಳಾಗುವುದಿಲ್ಲ. ಮಾವನಿಗೆ ಇದನ್ನು ಎರಡು ಸಲ ಹೇಳಬೇಕಾಯಿತು. ತಾಯಿ ಕೇಳಿದ್ದು ಒಂದೇ: "ಕಾಫಿ ಎಷ್ಟೊತ್ತಿಗೆ ಕೊಡ್ಲಿ?" ಆರಕ್ಕೆ ಮಾತ್ರೆ, ಏಳಕ್ಕೆ ಕಾಫಿ, ಕಬ್ಬಿಣ ಮಧ್ಯಾಹ್ನದ ಊಟವಾದ ಮೇಲೆ ಎಂದು ಚೀಟಿಯ ಹಿಂದೆ ಬರೆಸಿಕೊಂಡರು.