ಕೂಗದ ಕುಕ್ಕರು, ಆಗಸ್ಟ್ ತಿಂಗಳ ಪಾಸ್ತಾ

2023ರ ಆಗಸ್ಟ್ 12ರ ಶನಿವಾರ ಮಧ್ಯಾಹ್ನ ನಮ್ಮ ಮನೆಯ ಎ.ಸಿ. ಕೆಟ್ಟು ನಿಂತಿತು. ನಾವಿರುವುದು ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರಕ್ಕೆ ಉತ್ತರದಲ್ಲಿ ಅಂಟಿಕೊಂಡಂತಿರುವ ರೌಂಡ್ ರಾಕ್‌ನಲ್ಲಿ. ಆ ವರ್ಷ ಜುಲೈ 8ರಿಂದ ಆಗಸ್ಟ್ 21ರವರೆಗೆ ಸತತ 45 ದಿನ ಆಸ್ಟಿನ್‌ನ ಹಗಲಿನ ಉಷ್ಣತೆ 100 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗಿಂತ, ಕೆಳಗೆ ಉಳಿಯಲೇ ಇಲ್ಲ. ಅಂಥ ದಿನಗಳ ನಟ್ಟನಡುವೆ ಎ.ಸಿ. ಕೈಕೊಟ್ಟಿತ್ತು, ರಿಪೇರಿಯವರು ಸೋಮವಾರದವರೆಗೆ ಬರಲಾಗುವುದಿಲ್ಲ ಎಂದಿದ್ದರು. ಧಾರವಾಡದಿಂದ ಬಂದು ಎರಡು ತಿಂಗಳಾಗಿದ್ದ ಅವ್ವ ನಮ್ಮೊಂದಿಗಿದ್ದಳು. ಎಪ್ಪತ್ತು ದಾಟಿದ ಅವಳಿಗೆ ಬಿಸಿಲು ಹೊಸದಲ್ಲ. ಆದರೆ ಕಿಟಕಿ ತೆರೆದರೂ ತಂಗಾಳಿ ಬಾರದ, ಕಟ್ಟಿಗೆಯ ಚೌಕಟ್ಟಿನ ಮೇಲೆ ಹಲಗೆ ಹೊದಿಸಿ ಕಟ್ಟಿದ ಈ ಮನೆಗಳ ಒಳಗಿನ ಸೆಕೆ ಅವಳಿಗೆ ಹೊಸದು. ಸಂಜೆ ಐದರ ಹೊತ್ತಿಗೆ ಒಳಗಿನ ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ತಲುಪಿತು.

ಇಲ್ಲಿಯ ಎಷ್ಟೋ ಮನೆಗಳಲ್ಲಿ ಅಡುಗೆಮನೆಗೂ ಪಡಸಾಲೆಗೂ ನಡುವೆ ಗೋಡೆಯಿರುವುದಿಲ್ಲ. ಒಲೆ ಹೊತ್ತಿಸಿದರೆ ಅದರ ಕಾವು ಮಲಗುವ ಕೋಣೆಯವರೆಗೂ ಹೋಗುತ್ತದೆ. ಆದ್ದರಿಂದ ಅಂದು ಒಲೆ ಹೊತ್ತಿಸುವುದೇ ಬೇಡವೆಂದು ನಿರ್ಧರಿಸಿ, ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರನ್ನು ಎತ್ತಿಕೊಂಡು ಹಿತ್ತಿಲಿನ ಸೂರಿನ ಕೆಳಗಿದ್ದ ಮೇಜಿನ ಮೇಲಿಟ್ಟು, ಅಲ್ಲಿಯ ಗೋಡೆಯಲ್ಲಿದ್ದ ಪ್ಲಗ್ಗಿಗೆ ಜೋಡಿಸಿದೆ. ಹಬೆಯಾಗಲಿ ಬಿಸಿಯಾಗಲಿ ಹೊರಗೇ ಹೋಗಲಿ ಎಂಬುದು ನನ್ನ ಲೆಕ್ಕ. ರಾತ್ರಿಯ ಊಟಕ್ಕೆ ಪಾಸ್ತಾ ಎಂದು ಹೇಳಿದಾಗ ಅವ್ವ ಬೇಡವೆನ್ನಲಿಲ್ಲ. ಒಂದು ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡು ನೋಡುತ್ತ ಕುಳಿತಳು.

ಪಾಸ್ತಾ ಬೇಯಿಸಲು 100 ಗ್ರಾಂಗೆ ಒಂದು ಲೀಟರ್ ನೀರು ಎಂಬುದು ಇಟಲಿಯ ಹಳೆಯ ಅಳತೆ. ನಮ್ಮ ಡಬ್ಬಿಯಲ್ಲಿದ್ದದ್ದು ಒಂದು ಪೌಂಡು, ಅಂದರೆ 454 ಗ್ರಾಂ ಪೆನ್ನೆ ಎಂಬ ಕೊಳವೆಯಾಕಾರದ ಪಾಸ್ತಾ. ಆ ಅಳತೆಯಂತೆ ಹೋದರೆ ನಾಲ್ಕೂವರೆ ಲೀಟರ್ ನೀರನ್ನು ಕುದಿಸಬೇಕು, ಹನ್ನೊಂದು ನಿಮಿಷ ಕುದಿಯಲ್ಲೇ ಇಡಬೇಕು, ಕೊನೆಗೆ ಆ ನೀರನ್ನೆಲ್ಲ ಸಿಂಕಿಗೆ ಸುರಿಯಬೇಕು. ಇಷ್ಟು ನೀರನ್ನು ಕುದಿಗೆ ತರುವುದಕ್ಕೇ ಸುಮಾರು 0.4 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಅದರಲ್ಲಿ ಪಾಸ್ತಾಗೆ ಸೇರುವುದು ಅಲ್ಪ, ಉಳಿದದ್ದು ಬಿಸಿನೀರಿನೊಂದಿಗೆ ಸಿಂಕಿಗೂ ಹಬೆಯಾಗಿ ಮನೆಯೊಳಗಿನ ಗಾಳಿಗೂ ಹೋಗುತ್ತದೆ. ಆ ಆಗಸ್ಟಿನಲ್ಲಿ ಟೆಕ್ಸಾಸ್‌ನ ವಿದ್ಯುತ್ ಜಾಲವನ್ನು ನೋಡಿಕೊಳ್ಳುವವರು ಸಂಜೆಯ ಹೊತ್ತು ವಿದ್ಯುತ್ತನ್ನು ಮಿತವಾಗಿ ಬಳಸಿರೆಂದು ಹಲವು ಬಾರಿ ಮನವಿ ಮಾಡಿದ್ದರು. ಕುಕ್ಕರಿನಲ್ಲಾದರೆ ಇದೇ ಪಾಸ್ತಾಗೆ ಮೂರೂವರೆ ಕಪ್ಪು, ಅಂದರೆ ಸುಮಾರು 830 ಮಿಲಿಲೀಟರ್ ನೀರು ಸಾಕು.

ಈ ಅಳತೆ ನನಗೆ ಸುಲಭವಾಗಿ ದಕ್ಕಿದ್ದಲ್ಲ. ಅದಕ್ಕೂ ಎರಡು ವರ್ಷಗಳ ಹಿಂದೆ ಮೊದಲ ಸಲ ಮಾಡಿದಾಗ ಬಿಸಿಬೇಳೆಬಾತಿನ ರೂಢಿಯಲ್ಲೇ ಎಲ್ಲವನ್ನೂ ಕಲಸಿ ಹಾಕಿದ್ದೆ. ರುಬ್ಬಿದ ಟೊಮೆಟೊ ತಳಕ್ಕೆ ಇಳಿದು ಹತ್ತಿತು, ಯಂತ್ರದ ಮುಖದ ಮೇಲೆ ‘ಬರ್ನ್’ ಎಂಬ ಎಚ್ಚರಿಕೆ ಮೂಡಿತು, ಮುಚ್ಚಳ ತೆರೆದಾಗ ತಳ ಕರಕಲಾಗಿ ಮೇಲಿನ ಪಾಸ್ತಾ ಹಸಿಯಾಗಿಯೇ ಇತ್ತು. ಎರಡನೆಯ ಸಲ ಡಬ್ಬಿಯ ಮೇಲೆ ಬರೆದ ಹನ್ನೊಂದು ನಿಮಿಷವನ್ನು ಹಾಗೆಯೇ ಇಟ್ಟೆ; ತಟ್ಟೆಗೆ ಬಂದದ್ದು ಆಕಾರವೇ ಇಲ್ಲದ ಮುದ್ದೆ. ಆ ಎರಡು ಸೋಲುಗಳಿಂದ ನನಗೆ ತಿಳಿದದ್ದು ಒಂದು ಮಾತು: ತೆರೆದ ಪಾತ್ರೆಯ ಅಡುಗೆಯಲ್ಲಿ ಕೈ ನಡುನಡುವೆ ತಿದ್ದುತ್ತಿರುತ್ತದೆ, ಒಂದು ತುಂಡು ತೆಗೆದು ಕಡಿದು ನೋಡಬಹುದು, ನೀರು ಕಡಿಮೆಯಾದರೆ ಸೇರಿಸಬಹುದು, ಮುಚ್ಚಿದ ಪಾತ್ರೆಯಲ್ಲಿ ಮುಚ್ಚಳ ಬೀಳುವ ಮೊದಲೇ ಎಲ್ಲವೂ ತೀರ್ಮಾನವಾಗಿರಬೇಕು. ನೀರೆಷ್ಟು, ಹೊತ್ತೆಷ್ಟು, ಯಾವುದು ಕೆಳಗೆ, ಯಾವುದು ಮೇಲೆ, ಯಾವುದು ಒಳಗೇ ಹೋಗಬಾರದು ಎಂಬುದನ್ನೆಲ್ಲ ಮೊದಲೇ ಯೋಚಿಸದವರಿಗೆ ಈ ಯಂತ್ರ ಏನನ್ನೂ ಬೇಗ ಮಾಡಿಕೊಡುವುದಿಲ್ಲ.

ಅಂದು ಕುಕ್ಕರಿನ ತಳದ ಕಾವಿನಲ್ಲಿಯೇ ಮೂರು ಚಮಚ ಆಲಿವ್ ಎಣ್ಣೆ ಬಿಸಿ ಮಾಡಿ, ಜಜ್ಜಿದ ಐದು ಎಸಳು ಬೆಳ್ಳುಳ್ಳಿಯನ್ನೂ ಎರಡು ಒಣಮೆಣಸಿನಕಾಯಿಯ ಚೂರುಗಳನ್ನೂ ಹಾಕಿ, ಬೆಳ್ಳುಳ್ಳಿ ಕೆಂಪಾಗುವ ಮೊದಲೇ ನೀರು ಸುರಿದೆ. ಮರದ ಸೌಟಿನಿಂದ ತಳವನ್ನು ಚೆನ್ನಾಗಿ ಕೆರೆದೆ; ಅಂಟಿಕೊಂಡ ಒಂದು ಚೂರು ಉಳಿದರೂ ಅದೇ ಹತ್ತುವುದಕ್ಕೆ ಮೊದಲಾಗುತ್ತದೆ. ಬಳಿಕ ಒಂದೂಕಾಲು ಚಮಚ ಉಪ್ಪು, ಪೆನ್ನೆ. ಪೆನ್ನೆಯನ್ನು ಸೌಟಿನಿಂದ ಮೆಲ್ಲಗೆ ಒತ್ತಿ ಸಮ ಮಾಡಿದೆ, ಕಲಸಲಿಲ್ಲ. ಅದರ ಮೇಲೆ ಹಿತ್ತಿಲಿನಲ್ಲಿ ಬೆಳೆದ ಚೆರ್ರಿ ಟೊಮೆಟೊಗಳನ್ನು ಇಡಿಯಾಗಿ ಹರಡಿದೆ. ಇಲ್ಲಿ ರಾತ್ರಿಯ ಉಷ್ಣತೆ 24 ಡಿಗ್ರಿಗಿಂತ ಕೆಳಗೆ ಇಳಿಯದ ದಿನಗಳಲ್ಲಿ ದೊಡ್ಡ ಟೊಮೆಟೊ ಗಿಡಗಳ ಹೂವು ಕಾಯಿ ಕಟ್ಟದೆ ಉದುರುತ್ತದೆ. ಈ ಸಣ್ಣ ಜಾತಿಯವು ಮಾತ್ರ ಹೇಗೋ ತಾಳಿಕೊಂಡು ಆಗಸ್ಟಿನಲ್ಲೂ ದಿನಕ್ಕೆ ಒಂದು ಬಟ್ಟಲು ಕೊಡುತ್ತಿದ್ದವು. ಟೊಮೆಟೊ ಮೇಲೆಯೇ ಉಳಿದರೆ ತಳದಲ್ಲಿ ಬರಿಯ ನೀರಿರುತ್ತದೆ, ಹತ್ತುವ ಭಯವಿಲ್ಲ; ಒತ್ತಡದಲ್ಲಿ ಅವು ತಾವಾಗಿಯೇ ಒಡೆದು ರಸ ಬಿಡುತ್ತವೆ. ಅವುಗಳ ರಸವನ್ನು ಲೆಕ್ಕಕ್ಕೆ ಹಿಡಿದೇ ನೀರನ್ನು ನಾಲ್ಕು ಕಪ್ಪಿನಿಂದ ಮೂರೂವರೆಗೆ ಇಳಿಸಿದ್ದೆ.

ಅವ್ವ ಎದ್ದು ಬಂದು ಪಾತ್ರೆಯೊಳಗೆ ಇಣುಕಿದಳು. “ಇಷ್ಟ ನೀರಾಗ ಹ್ಯಾಂಗ ಬೇಯ್ತಾವ? ಮುಳುಗೇ ಇಲ್ಲಲ್ಲ” ಎಂದಳು. ಮೇಲಿನ ಕೆಲವು ತುಂಡುಗಳು ನೀರಿನಿಂದ ಹೊರಗೇ ಇದ್ದವು. ಒಳಗೆ ಹಬೆ ತುಂಬಿದ ಮೇಲೆ ಮೇಲಿನವೂ ಬೇಯುತ್ತವೆ ಎಂದು ಹೇಳಿ ಮುಚ್ಚಳ ಹಾಕಿದೆ. ಆರು ಕ್ವಾರ್ಟಿನ, ಅಂದರೆ ಐದೂಮುಕ್ಕಾಲು ಲೀಟರಿನಷ್ಟು ಹಿಡಿಯುವ ಪಾತ್ರೆಯದು. ಪಾಸ್ತಾ ನೊರೆ ಬಿಡುವ ಪದಾರ್ಥವಾದ್ದರಿಂದ ಅರ್ಧಕ್ಕಿಂತ ಹೆಚ್ಚು ತುಂಬಬಾರದು ಎಂಬ ಎಚ್ಚರಿಕೆಯನ್ನು ಎಂದೂ ಮೀರಬಾರದು. ಮುಚ್ಚಳದ ರಬ್ಬರ್ ರಿಂಗನ್ನೂ ಬದಲಿಸಿದ್ದೆ. ಸಾರು, ಹುಳಿ ಮಾಡುವ ರಿಂಗಿನಲ್ಲಿ ಇಂಗಿನ ವಾಸನೆ ಎಷ್ಟು ತೊಳೆದರೂ ಉಳಿಯುವುದರಿಂದ, ಪಾಸ್ತಾಗೂ ಪಾಯಸಕ್ಕೂ ಬೇರೊಂದನ್ನು ಇಟ್ಟುಕೊಂಡಿದ್ದೇನೆ.

ಹೊತ್ತಿನ ಲೆಕ್ಕ ಸರಳ. ಡಬ್ಬಿಯ ಮೇಲಿನ ನಿಮಿಷಗಳನ್ನು ಅರ್ಧ ಮಾಡಿ, ಅದರಿಂದ ಒಂದೋ ಒಂದೂವರೆಯೋ ಕಳೆಯಬೇಕು. ಹನ್ನೊಂದಕ್ಕೆ ನಾಲ್ಕು ನಿಮಿಷ. ಈ ನಾಲ್ಕು ನಿಮಿಷ ಮೊದಲಾಗುವುದು ಒತ್ತಡ ತುಂಬಿದ ಮೇಲೆ. ತುಂಬುವುದಕ್ಕೇ ಒಂಬತ್ತು ನಿಮಿಷ ಹಿಡಿಯಿತು. ಆದ್ದರಿಂದ ನಾಲ್ಕು ನಿಮಿಷದ ಪಾಸ್ತಾ ಎಂದು ಯಾರಾದರೂ ಹೇಳಿದರೆ ನಂಬಬಾರದು. ಮೊದಲಿನಿಂದ ಕೊನೆಯವರೆಗೆ ನನಗೆ ಇಪ್ಪತ್ತೈದು ನಿಮಿಷ ಬೇಕಾಯಿತು. ಆದರೆ ಅದರಲ್ಲಿ ಹೆಚ್ಚಿನ ಹೊತ್ತು ನಾನು ಒಲೆಯ ಮುಂದೆ ನಿಲ್ಲದೆ ಅವ್ವನ ಪಕ್ಕದಲ್ಲಿ ಕುಳಿತಿದ್ದೆ.

“ಇದು ಕೂಗೂದಿಲ್ಲೇನು?” ಎಂದು ಅವ್ವ ಎರಡು ಸಲ ಕೇಳಿದಳು. ಐವತ್ತು ವರ್ಷಗಳಿಂದ ಅವಳ ಅಡುಗೆಯ ಗಡಿಯಾರವೆಂದರೆ ಕುಕ್ಕರಿನ ಕೂಗು. ಬೇಳೆಗೆ ಇಷ್ಟು, ಅನ್ನಕ್ಕೆ ಇಷ್ಟು, ಕಡಲೆಗೆ ಇಷ್ಟು ಎಂದು ದೇವರ ಮನೆಯಲ್ಲಿ ಕುಳಿತೇ ಎಣಿಸುವವಳು. ನಮ್ಮ ಒಲೆಯ ಮೇಲಿನ ಕುಕ್ಕರಿನಲ್ಲಿ ಒತ್ತಡ ಮಿತಿ ಮೀರಿದಾಗ ಹಬೆ ತೂಕವನ್ನು ಎತ್ತಿ ಹೊರಗೆ ನುಗ್ಗುತ್ತದೆ. ಕೆಳಗೆ ಬೆಂಕಿ ಉರಿಯುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಒತ್ತಡ ಸಾಕಷ್ಟು ಆಯಿತೆಂದರೆ ಯಂತ್ರವೇ ಕಾವನ್ನು ನಿಲ್ಲಿಸುತ್ತದೆ, ಇಳಿದರೆ ಮತ್ತೆ ಹಚ್ಚುತ್ತದೆ. ಬೇಯುವ ಹೊತ್ತಿನಲ್ಲಿ ಹಬೆ ಹೊರಗೆ ಬರುವ ಪ್ರಸಂಗವೇ ಇಲ್ಲ. ಒಳಗಿನ ಬಿಸಿಯೂ ಸ್ವಲ್ಪ ಕಡಿಮೆ: ಒಲೆಯ ಮೇಲಿನದರಲ್ಲಿ ಸುಮಾರು 120 ಡಿಗ್ರಿ, ಇದರಲ್ಲಿ 115ರ ಆಸುಪಾಸು. “ಕೂಗೂದಿಲ್ಲವ್ವಾ, ನಿಮಿಷ ಎಣಸಬೇಕು” ಎಂದೆ. ಅವಳು ಒತ್ತಡ ತುಂಬಿದಾಗ ಮುಚ್ಚಳದ ಮೇಲೆ ಎದ್ದು ನಿಂತ ಪುಟ್ಟ ಲೋಹದ ಮೊಳೆಯನ್ನು ನೋಡುತ್ತ ಸುಮ್ಮನಾದಳು.

ಹೊತ್ತು ಮುಗಿದೊಡನೆ ಹಬೆಯ ಬಾಯಿಯನ್ನು ಪೂರ್ತಿ ತೆರೆದರೆ ಗಂಜಿಯ ನೊರೆ ಚಿಮ್ಮಿ ಬರುತ್ತದೆ. ಎರಡು ನಿಮಿಷ ಸುಮ್ಮನೆ ಬಿಟ್ಟು, ಬಳಿಕ ಸೌಟಿನ ಉದ್ದ ಹಿಡಿಕೆಯಿಂದ ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತ ಮುಚ್ಚುತ್ತ, ಹಬೆಯಲ್ಲಿ ನೊರೆ ಕಾಣದಾದ ಮೇಲೆ ಪೂರ್ತಿ ತೆರೆದೆ. ಮೊಳೆ ಕೆಳಗಿಳಿದ ಮೇಲೆಯೇ ಮುಚ್ಚಳಕ್ಕೆ ಕೈ ಹಾಕಿದ್ದು. ಒಳಗೆ ಪೆನ್ನೆ ಬೆಂದು ನಿಂತಿತ್ತು, ಟೊಮೆಟೊಗಳು ಸುಕ್ಕಾಗಿ ಒಡೆದಿದ್ದವು, ತಳದಲ್ಲಿ ಹಾಲಿನ ಬಣ್ಣದ ನೀರು ಇನ್ನೂ ಉಳಿದಿತ್ತು.

“ನೀರು ಬಸಿಯೂದಿಲ್ಲೇನ?” ಅವ್ವನ ಈ ಪ್ರಶ್ನೆಯ ಹಿಂದೆ ಅವಳ ಎಷ್ಟೋ ಬೇಸಿಗೆಗಳಿದ್ದವು. ಧಾರವಾಡದ ನಮ್ಮ ಮನೆಯಲ್ಲಿ ಏಪ್ರಿಲ್, ಮೇ ಬಂತೆಂದರೆ ಓಣಿಯ ಹೆಂಗಸರು ಸೇರಿ ಶಾವಿಗೆ ಹೊಸೆಯುತ್ತಿದ್ದರು. ಓರೆಯಾಗಿಟ್ಟ ಶಾವಿಗೆ ಮಣೆಯ ಮೇಲೆ ಅವ್ವ ಅಂಗೈಯಿಂದ ಹಿಟ್ಟನ್ನು ತಿಕ್ಕಿ ಕೆಳಗಿಳಿಸಿದರೆ, ಎಳೆಗಳನ್ನು ಹಿಡಿದು ಕೋಲಿನ ಮೇಲೆ ಒಣಹಾಕುವ ಕೆಲಸ ನಮ್ಮಂಥ ಹುಡುಗಿಯರದು. ಆ ಶಾವಿಗೆಯನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಬಸಿದು, ತುಪ್ಪ, ಸಕ್ಕರೆ, ಹಾಲು ಹಾಕಿ ಉಣ್ಣುವುದು ರೂಢಿ. ಬಸಿಯದೆ ಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ ಎಂಬುದು ಅವಳ ಕೈ ಕಂಡ ಸತ್ಯ. ಒಣ ಪಾಸ್ತಾವನ್ನು ಮಾಡುವುದು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದ. ನಮ್ಮ ಬನ್ಸಿ ರವೆಯೂ ಆ ಗೋಧಿಯದೇ. ನೀರು ಸಾಕಷ್ಟಿದ್ದಾಗ ಹೊರಮೈಯ ಪಿಷ್ಟವೆಲ್ಲ ನೀರಿಗಿಳಿದು ಹೊರಗೆ ಹೋಗುತ್ತದೆ. ನೀರು ಅಳತೆಯದಾದರೆ ಆ ಪಿಷ್ಟ ಒಳಗೇ ಉಳಿದು, ಎಣ್ಣೆಯನ್ನೂ ಟೊಮೆಟೊ ರಸವನ್ನೂ ಬೆಸೆದು ಸಾಸಾಗುತ್ತದೆ. ಬೆಣ್ಣೆ, ಕೆನೆ ಏನೂ ಹಾಕದೆಯೂ ಬೇಸಿಗೆಯ ಪಾಸ್ತಾಗೆ ಮೈ ಬರುವುದು ಇದರಿಂದ. ಕುಕ್ಕರಿನ ಪಾಸ್ತಾ ಅವಸರದವರ ಪಾಸ್ತಾ ಎಂದು ಕಡೆಗಣಿಸುವವರಿಗೆ ನಾನು ಹೇಳಬಯಸುವುದು ಇದನ್ನೇ: ಬಸಿದು ಚೆಲ್ಲುವುದನ್ನು ಉಳಿಸಿಕೊಳ್ಳುವ ವಿಧಾನ ಇದು, ಮತ್ತು ರುಚಿಯ ದೃಷ್ಟಿಯಿಂದಲೂ ನನಗೆ ಇದೇ ಮೇಲು.

ಉಳಿದ ನೀರಿಗೆ ತೆಳ್ಳಗೆ ಹೆಚ್ಚಿದ ಎರಡು ಜುಕಿನಿ, ಎರಡು ತೆನೆಯಿಂದ ಬಿಡಿಸಿದ ಸಿಹಿ ಮೆಕ್ಕೆಜೋಳದ ಹಸಿ ಕಾಳು ಸೇರಿಸಿ, ಈಗ ಮಾತ್ರ ಚೆನ್ನಾಗಿ ಕಲಸಿ, ಕಾವಿಲ್ಲದೆ ಮತ್ತೆ ಐದು ನಿಮಿಷ ಮುಚ್ಚಿಟ್ಟೆ. ಜುಕಿನಿ ನಮ್ಮ ಸೌತೆ, ಹೀರೆಗಳ ಬಳಗದ್ದು, ಒತ್ತಡಕ್ಕೆ ಸಿಕ್ಕರೆ ಕರಗಿಹೋಗುತ್ತದೆ. ಅದಕ್ಕೆ ಒಳಗಿನ ಬಿಸಿಯೇ ಸಾಕು. ಅಷ್ಟರಲ್ಲಿ ಪಾಸ್ತಾ ನೀರನ್ನು ಹೀರಿಕೊಂಡು, ಸಾಸು ಪೆನ್ನೆಗೆ ಲೇಪವಾಗುವಷ್ಟು ಗಟ್ಟಿಯಾಯಿತು. ಅರ್ಧ ನಿಂಬೆಯ ರಸ ಹಿಂಡಿ, ತುರಿದ ಗಟ್ಟಿ ಚೀಸ್ ಉದುರಿಸಿದೆ. ಚೀಸಿನ ವಿಷಯದಲ್ಲಿ ಅವ್ವ ಇರುವಾಗ ನಾನು ಎಚ್ಚರ ತಪ್ಪುವುದಿಲ್ಲ. ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರಿನ ಚೀಸನ್ನು ನಿಯಮದಂತೆ ಹಾಲನ್ನು ಗಟ್ಟಿಯಾಗಿಸುವ, ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಎಂಬ ಪದಾರ್ಥ ಬಳಸಿಯೇ ಮಾಡಬೇಕು. ಹಾಗಾಗಿ ಸಸ್ಯಾಹಾರಿ ರೆನ್ನೆಟ್ ಎಂದು ಚೀಟಿಯ ಮೇಲೆ ಬರೆದಿರುವ ಬೇರೆ ಚೀಸನ್ನು ಹುಡುಕಿ ತಂದಿದ್ದೆ.

ಕೊನೆಗೆ ಕುಂಡದಲ್ಲಿದ್ದ ಬೇಸಿಲ್ ಎಲೆಗಳನ್ನು ಕೈಯಿಂದ ಹರಿದು ಹಾಕುವಾಗ ಅವ್ವ ಒಂದೆಲೆ ತೆಗೆದುಕೊಂಡು ಉಜ್ಜಿ ಮೂಸಿದಳು. “ಇದು ಕಾಮಕಸ್ತೂರಿ ಅಲ್ಲೇನ? ಬೀಜಾ ಶರಬತ್ತಿಗೆ ಹಾಕ್ತೀವಲ್ಲ” ಎಂದಳು. ಅವಳ ಮೂಗು ತಪ್ಪಲಿಲ್ಲ. ಸಸ್ಯಶಾಸ್ತ್ರದ ಪ್ರಕಾರ ಎರಡೂ ಆಸಿಮಮ್ ಬೆಸಿಲಿಕಮ್ ಎಂಬ ಒಂದೇ ಜಾತಿ. ಹತ್ತು ವರ್ಷ ಆ ಗಿಡವನ್ನು ಬೆಳೆಸಿದ ನನಗೆ ಅದು ಹೊಳೆದಿರಲಿಲ್ಲ.

ಸೂರ್ಯ ಇಳಿದ ಮೇಲೆ ನಾಲ್ವರೂ ಹಿತ್ತಿಲಿನಲ್ಲೇ ಕುಳಿತು ಉಂಡೆವು. ಅವ್ವ ಮೊದಲ ತುತ್ತನ್ನು ಹಲ್ಲಿನಲ್ಲಿ ಒತ್ತಿ, ನಡುವೆ ಸ್ವಲ್ಪ ಗಟ್ಟಿ ಉಳಿದಿದೆಯೆಂದಳು. ಅದು ಹಾಗೆಯೇ ಇರಬೇಕೆಂದು ನಾನು ಹೇಳಿದೆ. ಅವಳು ಒಪ್ಪಲಿಲ್ಲ, ಆದರೆ ಎರಡನೆಯ ಸಲ ಬಡಿಸಿಕೊಂಡಳು. ಸೋಮವಾರ ಎ.ಸಿ. ಸರಿಯಾಯಿತು. ಕುಕ್ಕರು ಮಾತ್ರ ಸೆಪ್ಟೆಂಬರ್ ಮುಗಿಯುವವರೆಗೆ ಹೊರಗಿನ ಮೇಜಿನ ಮೇಲೆಯೇ ಇತ್ತು.

ಮರುವರ್ಷ ಮೇ ತಿಂಗಳಲ್ಲಿ ಧಾರವಾಡದಿಂದ ಅವ್ವ ಫೋನ್ ಮಾಡಿದಳು. ಅಂಗಡಿಯಲ್ಲಿ ಪೆನ್ನೆ ಸಿಕ್ಕಿತಂತೆ, ತನ್ನ ಕುಕ್ಕರಿನಲ್ಲಿ ಎಷ್ಟು ನಿಮಿಷ ಇಡಬೇಕೆಂದು ಕೇಳಿದಳು. ಅದರ ಒತ್ತಡ ಹೆಚ್ಚು, ಬೆಂಕಿಯ ಅಳತೆ ನನಗೆ ತಿಳಿಯದು. ನೀರಿನ ಲೆಕ್ಕವನ್ನೂ ಅರ್ಧಕ್ಕಿಂತ ಹೆಚ್ಚು ತುಂಬಬಾರದೆಂಬುದನ್ನೂ ಮಾತ್ರ ಹೇಳಿ, ಹೊತ್ತನ್ನು ಅವಳಿಗೇ ಬಿಟ್ಟೆ. ಮರುದಿನ ಸಂಜೆ ಅವಳೇ ತಿಳಿಸಿದಳು: “ಮೊದಲ್ನೇ ಸರತೆ ಎರಡು ಕೂಗಿಸಿದ್ನಿ, ಮೆತ್ತಗಾದ್ವು. ಇವತ್ತ ಒಂದಕ್ಕ ಬಂದ್ ಮಾಡೀನಿ. ಛಲೋ ಆಗ್ಯಾವ.”