ಬೇಡ ಅಂದರೂ ಬಂದು ಕೂತ ಕುಕಿಗಳು

ಮೈಸೂರಿನ ಗೋಕುಲಂನ ಯೋಗ ಗುರುಗಳೊಬ್ಬರ ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ. ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರ ಶಾಲೆ ಲಕ್ಷ್ಮೀಪುರಂನಿಂದ ಅಲ್ಲಿಗೆ ಬಂದ ಮೇಲೆ ಆ ಬಡಾವಣೆಯಲ್ಲಿ ಎಳನೀರು ಮಾರುವವರೂ ಇಂಗ್ಲಿಷ್‌ನಲ್ಲೇ ವ್ಯಾಪಾರ ಮುಗಿಸುತ್ತಾರೆ. ನಮ್ಮ ಗುರುಗಳದ್ದು ಚಿಕ್ಕ ಶಾಲೆ. ಕೊರೋನಾ ಕಾಲದಲ್ಲಿ ಶುರುವಾದ ಆನ್‌ಲೈನ್ ಕೋರ್ಸು ಈಗಲೂ ನಡೆಯುತ್ತಿದೆ. ಸೇರುವವರಲ್ಲಿ ಯುರೋಪಿನವರೇ ಜಾಸ್ತಿ.

ಜರ್ಮನಿಯ ಶಿಷ್ಯೆಯೊಬ್ಬರು ಅವರಿಗೊಂದು ಮೇಲ್ ಬರೆದಿದ್ದರು. ಗುರುಗಳು ಅದನ್ನು ನನಗೆ ಕಳಿಸಿ, ಹಿಂದೆಯೇ ಫೋನ್ ಮಾಡಿದರು. "ಏನಪ್ಪಾ ಇದು, ನಾವು ಇವರ ಬೆನ್ನು ಹತ್ತಿದ್ದೀವಿ ಅಂತಿದ್ದಾರಲ್ಲ?" ಮೇಲ್‌ನಲ್ಲಿ ಇದ್ದದ್ದು ಇಷ್ಟೇ: ಪುಟದ ಕೆಳಗೆ ಕುಕಿ ಒಪ್ಪುತ್ತೀರಾ ಅಂತ ಕೇಳುತ್ತೀರಿ, ನಾನು ಬೇಡ ಅಂತ ಒತ್ತಿದೆ, ಆದರೂ ಕುಕಿಗಳು ಬಂದಿವೆ. ಹಾಗಾದರೆ ಕೇಳಿದ್ದು ಯಾಕೆ?

ಒಳ್ಳೆಯ ಪ್ರಶ್ನೆ, ಅಲ್ವಾ? ಕುಕಿ ಅಂದರೆ ಬಂದವರನ್ನು ಮತ್ತೆ ಗುರುತಿಸಲು ಸೈಟು ಅವರ ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಚೀಟಿ. ಬೆಳಗಿನ ಬ್ಯಾಚ್ ಮುಗಿಯುವ ಹೊತ್ತಿಗೆ ಹೋದೆ. ಹಳೇ ಕುಕಿಗಳಿಲ್ಲದ ಇನ್‌ಕಾಗ್ನಿಟೋ ಕಿಟಕಿ ತೆರೆದು ಎಫ್12 ಒತ್ತಿ, ಕುಕಿಗಳ ಪಟ್ಟಿ ತೋರಿಸಿದೆ. ಮೊದಲು ಖಾಲಿ. ಸೈಟಿನ ವಿಳಾಸ ಹಾಕಿ "ಬೇಡ" ಒತ್ತಿದೆ. ಪಟ್ಟಿಯಲ್ಲಿ ಸಾಲುಗಳು ಮೂಡಿದವು. ಒಂದು ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನದು, ಆಯಸ್ಸು ಎರಡು ವರ್ಷ. ಇನ್ನೊಂದು ಫೇಸ್‌ಬುಕ್‌ನ ಒಡೆಯ ಮೆಟಾ ಜಾಹೀರಾತಿಗೆ ಬಳಸುವ ಪಿಕ್ಸೆಲ್‌ನದು, 90 ದಿನ. ಗುರುಗಳು ಕನ್ನಡಕ ಮೇಲೆತ್ತಿ ನೋಡಿದರು. "ಫೇಸ್‌ಬುಕ್‌ಗೂ ನಮ್ಮ ಕೋರ್ಸಿಗೂ ಏನಯ್ಯಾ ಸಂಬಂಧ?"

ಸಂಬಂಧ ಇದ್ದದ್ದು ಕೋರ್ಸ್ ವಿಜೆಟ್‌ನಿಂದ. ಪಾಠ, ಶುಲ್ಕ, ಲಾಗಿನ್ ಎಲ್ಲ ನಡೆಯುವುದು ಹೊರಗಿನ ಒಂದು ಕಂಪನಿಯಲ್ಲಿ. ಅವರು ಕೊಟ್ಟ ಒಂದು ಸಾಲಿನ ಸ್ಕ್ರಿಪ್ಟನ್ನು ಪುಟದಲ್ಲಿ ಅಂಟಿಸಿದರೆ ಕೋರ್ಸಿನ ಪೆಟ್ಟಿಗೆ, ಅಂದರೆ ವಿಜೆಟ್, ಕಾಣುತ್ತದೆ. ಆ ಸ್ಕ್ರಿಪ್ಟ್ ತನ್ನ ಜೊತೆ ಇನ್ನೆರಡನ್ನು ಕರೆದುಕೊಂಡು ಬರುತ್ತಿತ್ತು. ಪುಟದ ಕೆಳಗೆ ಒಪ್ಪಿಗೆ ಕೇಳುವ ನಮ್ಮ ಬ್ಯಾನರ್‌ಗೆ ಗೊತ್ತಿದ್ದದ್ದು ನಮ್ಮದೇ ಸೈಟಿನ ಲೆಕ್ಕ ಮಾತ್ರ. ಮುಂಬಾಗಿಲಲ್ಲಿ ವಾಚ್‌ಮನ್, ಹಿತ್ತಲ ಬಾಗಿಲು ಪೂರ್ತಿ ತೆರೆದಿದೆ ಅನ್ನುವ ಹಾಗೆ.

ಆ ಕಂಪನಿಯವರಿಗೆ ಬರೆದೆ. "ನಾವು ಜಿಡಿಪಿಆರ್ ನಿಯಮ ಪಾಲಿಸುತ್ತೇವೆ, ನಿಮ್ಮ ಪ್ರೈವಸಿ ಪಾಲಿಸಿಯಲ್ಲಿ ನಮ್ಮ ಹೆಸರು ಸೇರಿಸಿ" ಅಂತ ಉತ್ತರ ಬಂತು. ಜಿಡಿಪಿಆರ್ ಅಂದರೆ ಜನರ ವೈಯಕ್ತಿಕ ಮಾಹಿತಿ ಕಾಯುವ ಯುರೋಪ್ ಒಕ್ಕೂಟದ ಕಾನೂನು. ಈ ಉತ್ತರ ಸಾಲದು. ಯುರೋಪಿನಲ್ಲಿ ಇರುವವರಿಗೆ ಸೇವೆ ಮಾರುವವರು ಎಲ್ಲೇ ಕೂತಿರಲಿ, ಮೈಸೂರಿನಲ್ಲೇ ಇರಲಿ, 2018ರ ಮೇ 25ರಿಂದ ಜಿಡಿಪಿಆರ್ ಅವರಿಗೂ ಅನ್ವಯ. 2019ರ ಜುಲೈನಲ್ಲಿ ಯುರೋಪಿನ ನ್ಯಾಯಾಲಯ ಫ್ಯಾಷನ್ ಐಡಿ ಅನ್ನುವ ಬಟ್ಟೆ ಅಂಗಡಿಯ ಮೊಕದ್ದಮೆಯಲ್ಲಿ, ಹೊರಗಿನವರ ತುಣುಕನ್ನು ಸೈಟಿನಲ್ಲಿ ಇಟ್ಟುಕೊಂಡವರ ಹೊಣೆ ಎಷ್ಟು ಅಂತ ಬಿಡಿಸಿ ಹೇಳಿತು. ಅವರ ಸೈಟಿನಲ್ಲಿ ಫೇಸ್‌ಬುಕ್ ಲೈಕ್ ಬಟನ್ ಇತ್ತು. ಒತ್ತಲಿ ಬಿಡಲಿ, ಬಂದವರ ಮಾಹಿತಿ ಫೇಸ್‌ಬುಕ್‌ಗೆ ಹೋಗುತ್ತಿತ್ತು. ಮಾಹಿತಿ ಅಲ್ಲಿಗೆ ದಾಟುವವರೆಗೆ ಬಟನ್ ಇಟ್ಟುಕೊಂಡವರೂ ಜವಾಬ್ದಾರರು ಅಂತ ತೀರ್ಪಾಯಿತು. ನಮ್ಮ ವಿಜೆಟ್ ಕಥೆಯೂ ಅದೇ ತಾನೇ?

ಪರಿಹಾರ ಮಾತ್ರ ಸುಲಭದ್ದು. ಪುಟದಿಂದ ಸ್ಕ್ರಿಪ್ಟ್ ತೆಗೆದೆ. ಆ ಜಾಗದಲ್ಲಿ ಗುರುಗಳ ಫೋಟೋ, ಕೋರ್ಸಿನ ವಿವರ, ಕೆಳಗೆ ಎರಡು ಸಾಲು: "ಇದನ್ನು ತೆರೆದರೆ ಹೊರಗಿನ ಕಂಪನಿಯ ಕುಕಿಗಳು ನಿಮ್ಮ ಬ್ರೌಸರಿಗೆ ಬರುತ್ತವೆ. ಬೇಡವಾದರೆ ನಮಗೆ ಮೇಲ್ ಮಾಡಿ, ಹಾಗೇ ಸೇರಿಸಿಕೊಳ್ಳುತ್ತೇವೆ." ಗುಂಡಿ ಒತ್ತಿದರೆ ಹೊಸ ಟ್ಯಾಬಿನಲ್ಲಿ ಕಂಪನಿಯ ಪುಟವೇ ತೆರೆಯುತ್ತದೆ. ಇದರಿಂದ ಇನ್ನೊಂದು ಹಳೇ ಕಾಟವೂ ತಪ್ಪಿತು. ಐಫೋನ್ ಇದ್ದವರಿಗೆ ವಿಜೆಟ್ ಒಳಗೆ ಲಾಗಿನ್ ನಿಲ್ಲುತ್ತಲೇ ಇರಲಿಲ್ಲ. ಬೇರೆ ಸೈಟುಗಳ ಕುಕಿಗಳನ್ನು ಐಫೋನಿನ ಸಫಾರಿ ಬ್ರೌಸರ್ 2020ರಿಂದ ಪೂರ್ತಿ ತಡೆಯುತ್ತದಲ್ಲ, ಅದಕ್ಕೇ.

"ಒಂದು ಗುಂಡಿ ಜಾಸ್ತಿ ಆದ್ರೆ ಜನ ಸೇರ್ತಾರೇನಪ್ಪಾ?" ಅಂತ ಗುರುಗಳಿಗೆ ಅಳುಕು. ಆರು ವಾರ ಸೂರ್ಯನಮಸ್ಕಾರ ಮಾಡಲು ಬರುವವರು ಒಂದು ಗುಂಡಿಗೆ ಹೆದರಿ ಓಡುತ್ತಾರಾ?

ಮಕ್ಕಳ ಬ್ಯಾಚ್ ಮಾತ್ರ ನಿಜಕ್ಕೂ ಯೋಚನೆಗೆ ಹಚ್ಚಿತು. ಅದಕ್ಕೆ ಸೇರುವವರು ಇಲ್ಲಿಯವರೇ, ಕುವೆಂಪುನಗರ, ವಿಜಯನಗರದ ಮಕ್ಕಳು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಪಡೆಯಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಅವರ ಜಾಡು ಹಿಡಿಯುವುದು, ಅದನ್ನು ನೋಡಿ ಜಾಹೀರಾತು ತೋರಿಸುವುದು ಕೂಡದು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಭಾಗಕ್ಕೆ 18 ತಿಂಗಳ ಗಡುವು ಇದೆ. ಗಡುವು ಇದೆ ಅಂತ ಕಾಯುವುದು ನನಗೆ ಸರಿ ಕಾಣಲಿಲ್ಲ. ಮಕ್ಕಳ ಪುಟದಲ್ಲಿ ವಿಜೆಟ್ಟೂ ಇಲ್ಲ, ಗುಂಡಿಯೂ ಇಲ್ಲ. ಶಾಲೆಯ ಫೋನ್ ನಂಬರ್ ಇದೆ. ತಂದೆ ತಾಯಿ ಬಂದು ಕನ್ನಡದಲ್ಲೇ ಇರುವ ಅರ್ಜಿಗೆ ಸಹಿ ಹಾಕುತ್ತಾರೆ. ಗುರುಗಳಿಗೆ ಇದು ಬಹಳ ಹಿಡಿಸಿತು, ಪೋಷಕರ ಮುಖ ನೋಡಿದ ಹಾಗೂ ಆಗುತ್ತೆ ಅಂದರು.

ಜರ್ಮನಿಗೆ ಉತ್ತರ ಬರೆದೆವು. ಧನ್ಯವಾದ ಹೇಳಿ ಆಕೆ ಮತ್ತೊಂದು ಪ್ರಶ್ನೆ ಕಳಿಸಿದರು: ನಿಮ್ಮ ಪುಟದ ಅಕ್ಷರಗಳು (ಫಾಂಟ್) ಗೂಗಲ್ ಸರ್ವರ್‌ನಿಂದ ಬರುತ್ತಿವೆಯಲ್ಲ, ಆಗ ನನ್ನ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನನ್ನ ಸಂಪರ್ಕದ ಗುರುತಿನ ಸಂಖ್ಯೆ, ಅವರಿಗೆ ಹೋಗುತ್ತದೆ, ಗೊತ್ತೇ? ಗೂಗಲ್ ಫಾಂಟ್ಸ್ ಹೀಗೆ ಬಳಸಿದ ಸೈಟೊಂದಕ್ಕೆ ಮ್ಯೂನಿಕ್ ನ್ಯಾಯಾಲಯ 2022ರಲ್ಲಿ 100 ಯೂರೋ ಪರಿಹಾರ ಕೊಡಲು ಹೇಳಿದ್ದು ನನಗೂ ನೆನಪಿತ್ತು. ಅವತ್ತೇ ಸಂಜೆ ಫಾಂಟ್ ಫೈಲುಗಳನ್ನು ಇಳಿಸಿಕೊಂಡು ನಮ್ಮ ಸರ್ವರ್‌ಗೇ ಹಾಕಿದೆ.