ರುಚಿ ನೋಡುವ ಮೊದಲೇ ಉಪ್ಪು ಹಾಕಿಕೊಂಡರೆ ನನಗೇನು ಕಷ್ಟ?

ಶಿರಸಿಯ ನಮ್ಮ ಮನೆಗೆ ಊಟಕ್ಕೆ ಬರುವವರಲ್ಲಿ ಕೆಲವರು, ಬಡಿಸಿದ ಪದಾರ್ಥ ನಾಲಿಗೆಗೆ ಸೋಕುವ ಮೊದಲೇ ಅದಕ್ಕೆ ಉಪ್ಪು ಸುರಿದು, ಸಾಲದೆಂಬಂತೆ ಉಪ್ಪಿನಕಾಯಿಯ ರಸವನ್ನೂ ಕಲಸಿಕೊಳ್ಳುತ್ತಾರೆ. ನಾನು ತಡೆದಾಗಲೆಲ್ಲ ಪಂಕ್ತಿಯಲ್ಲಿ ಕುಳಿತ ಉಳಿದವರು ತಿರುಗಿ ನನ್ನನ್ನೇ ಕೇಳುತ್ತಾರೆ: "ಎಲೆ ಅವರದು, ನಾಲಿಗೆ ಅವರದು, ನಿನಗೇನು ಕಷ್ಟ?" ಕಷ್ಟ ಇದೆ. ಹೇಳಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ.

ಈ ಪ್ರಶ್ನೆಯೊಳಗೆ, ಅಡುಗೆಯವರು ಪದಾರ್ಥವನ್ನು ಅರ್ಧ ಮಾಡಿ ಬಡಿಸುತ್ತಾರೆ, ಉಳಿದರ್ಧವನ್ನು ಉಣ್ಣುವವರು ಮುಗಿಸಬೇಕು ಎಂಬ ಎಣಿಕೆ ಅಡಗಿದೆ. ನನಗೆ ಸಿಟ್ಟು ಬರುವುದು ಆ ಎಣಿಕೆಯ ಮೇಲೆ. ಒಂದು ಮಳೆಗಾಲದಲ್ಲಿ ದೂರದೂರಿನಿಂದ ಬಂದ ಭಾವನಿಗೆ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತೆಳು ಸಾರು, ಮಾಡಿದ್ದೆ. ಮಳೆಗಾಲದಲ್ಲಿ ಹಸಿ ಮಾವಿನಕಾಯಿ ಸಿಗದ ಕಾರಣ, ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿ ಭರಣಿಯಲ್ಲಿ ಇಟ್ಟಿದ್ದ ಕಾಯಿಯನ್ನೇ ತೆಗೆದು, ತೊಳೆದು, ನೀರಿನಲ್ಲಿ ನೆನೆಸಿ, ಉಪ್ಪು ಎಷ್ಟು ಬಿಟ್ಟುಹೋಯಿತೆಂದು ಮತ್ತೆ ಮತ್ತೆ ನೋಡಿ, ಆಮೇಲೆ ಕಿವುಚಿ, ಸೂಜಿಮೆಣಸು ನುರಿದು, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟಿದ್ದೆ. ಅದಕ್ಕೆ ಬೇರೆ ಉಪ್ಪು ಹಾಕಿಯೇ ಇರಲಿಲ್ಲ. ಕಾಯಿಯ ಒಳಗೆ ಇಳಿದಿದ್ದ ಉಪ್ಪೇ ಸಾಕಾಗಿತ್ತು. ಭಾವ ಲೋಟವನ್ನು ಕೈಗೆ ತೆಗೆದುಕೊಂಡವನು ತುಟಿಗೆ ಒಯ್ಯದೆ ಒಂದು ಚಮಚ ಉಪ್ಪು ಹಾಕಿ ಕದಡಿದ. ಒಂದು ಗುಟುಕು ಕುಡಿದು, "ಅತ್ತಿಗೆ, ಉಪ್ಪು ಜಾಸ್ತಿ ಆಯ್ದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಲೋಟವನ್ನು ಬದಿಗೆ ಸರಿಸಿದ. ಪಕ್ಕದಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ, ಇವತ್ತಿಗೂ ಬರುವುದಿಲ್ಲ. ಅನ್ನಕ್ಕೆ ಹೆಚ್ಚು ಉಪ್ಪು ಬಿದ್ದರೆ ಇನ್ನಷ್ಟು ಅನ್ನ ಕಲಸಿಕೊಳ್ಳಬಹುದು. ಅಪ್ಪೆಹುಳಿಯಲ್ಲಿ ಕರಗಿದ ಉಪ್ಪನ್ನು ಯಾರು ತೆಗೆಯಬಲ್ಲರು?

ಎಲೆಯ ಎಡತುದಿಗೆ ಮೊದಲು ಉಪ್ಪು ಬಡಿಸುವುದು ನಮ್ಮದೇ ಪದ್ಧತಿಯಲ್ಲವೇ ಎಂದು ವಾದಿಸುವವರಿದ್ದಾರೆ. ಹೌದು, ನಾನೂ ಬಡಿಸುತ್ತೇನೆ. ಚಿಟಿಕೆಯಷ್ಟು ಉಪ್ಪು ತುದಿಯಲ್ಲಿ ಇರುವುದು, ಉಂಡು ನೋಡಿದವರಿಗೆ ಬೇಕೆನಿಸಿದಾಗ ಬೆರಳಿಗೆ ಸಿಗಲಿ ಎಂದು. ವಯಸ್ಸಾದವರಿಗೆ ರುಚಿ, ವಾಸನೆ ಎರಡೂ ಮಂದವಾಗುತ್ತವೆ, ಕೆಲವು ಔಷಧಗಳಿಂದಲೂ ಹಾಗಾಗುತ್ತದೆ. ಅಂಥವರು ಒಂದು ತುತ್ತು ತಿಂದು ಉಪ್ಪು ಕೇಳಿದರೆ ನಾನೇ ಎದ್ದು ಬಡಿಸುತ್ತೇನೆ. ಬಯಲಿನಲ್ಲಿ ಬೆವರು ಸುರಿಸಿ ಬಂದವರಿಗೂ ಹಾಗೆಯೇ. ಉಳಿದವರ ಮಟ್ಟಿಗೆ ಅದು ಬರೀ ಕೈಯ ಅಭ್ಯಾಸ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ಹೇಳುತ್ತದೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಭಾವನ ಆ ಲೋಟದಲ್ಲೇ ಒಂದು ದಿನದ ಉಪ್ಪು ಮುಗಿದಿತ್ತು. ಕೆಲವು ವಾರ, ತಿಂಗಳು ಉಪ್ಪು ಕಡಿಮೆ ಮಾಡಿ ಉಂಡರೆ ನಾಲಿಗೆಯೂ ಒಗ್ಗಿಕೊಂಡು, ಹಿಂದೆ ಸಪ್ಪೆ ಎನಿಸಿದ್ದೇ ಸರಿ ಎನಿಸತೊಡಗುತ್ತದೆ.

ನನಗೇನು ಕಷ್ಟ ಎಂಬುದರ ಬದಲು, ಉಪ್ಪನ್ನು ಯಾವಾಗ ಹಾಕುತ್ತೀ ಎಂದು ಯಾರಾದರೂ ಕೇಳಬಾರದೇ? ಅದಕ್ಕಾದರೆ ನಾನು ಸಂತೋಷದಿಂದ ಗಂಟೆಗಟ್ಟಲೆ ಉತ್ತರಿಸುತ್ತೇನೆ. ಹಾಗಲಕಾಯಿಗೆ ಉಪ್ಪು ಒಲೆ ಹಚ್ಚುವ ಮೊದಲೇ ಬೀಳಬೇಕು. ಹೋಳುಗಳು ನೀರು ಬಿಟ್ಟ ಮೇಲೆ ಹಿಂಡಿದರೆ ಕಹಿಯ ಒಂದು ಪಾಲು ಆ ನೀರಿನೊಂದಿಗೆ ಹೋಗುತ್ತದೆ, ಉಳಿದ ಕಹಿಯನ್ನು ಒಳಗಿಳಿದ ಉಪ್ಪು ಅಡಗಿಸುತ್ತದೆ. ಪಲ್ಯ ಬೆಂದ ಮೇಲೆ ಎಷ್ಟು ಉಪ್ಪು ಉದುರಿಸಿದರೂ ಅದು ಹೋಳಿನ ಮೇಲೆಯೇ ಕುಳಿತು ಮೊದಲು ನಾಲಿಗೆಗೆ ಹೊಡೆಯುತ್ತದೆ, ಒಳಗಿನ ಕಹಿ ಹಾಗೆಯೇ ಇರುತ್ತದೆ. ಅಪ್ಪೆಮಿಡಿಯ, ಅಂದರೆ ಎಳೆ ಮಾವಿನಕಾಯಿಯ, ಉಪ್ಪಿನಕಾಯಿಯಲ್ಲಂತೂ ಉಪ್ಪೇ ಮೊದಲ ಕೆಲಸಗಾರ. ಮಿಡಿಗಳ ನಡುವೆ ಹರಳುಪ್ಪು ಹಾಕುತ್ತಾ ತುಂಬಿ, ಮೇಲೆ ಭಾರ ಹೇರಿದರೆ, ಕೆಲವು ದಿನಗಳಲ್ಲಿ ಮಿಡಿ ಮುದುಡಿ ತನ್ನ ನೀರನ್ನು ಬಿಡುತ್ತದೆ, ಆ ನೀರೇ ಮುಂದೆ ಸಾಸಿವೆ ಮೆಣಸಿನ ಪುಡಿ ಕಲಸಲು ಬೇಕಾಗುತ್ತದೆ. ಅದಕ್ಕೆ ನಾನು ತರಿಸುವುದು ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪು. ಅಘನಾಶಿನಿ ನದಿಯ ಹಿನ್ನೀರಿನ ಗದ್ದೆಗಳಲ್ಲಿ ಬಿಸಿಲಿಗೆ ಹರಳುಗಟ್ಟುವ, ಮಣ್ಣಿನ ಬಣ್ಣದ ಉಪ್ಪು.

ತಂಬುಳಿಗೆ ಮಾತ್ರ ಉಪ್ಪು ಕಟ್ಟಕಡೆಗೆ. ಒಂದೆಲಗವನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಸೇರಿಸಿ ಬೀಸಿ, ಮಜ್ಜಿಗೆ ಬೆರೆಸಿದ ಮೇಲೆ, ಆ ದಿನದ ಮಜ್ಜಿಗೆ ಎಷ್ಟು ಹುಳಿ ಎಂದು ನೋಡಿಯೇ ಉಪ್ಪು ಹಾಕುತ್ತೇನೆ, ಏಕೆಂದರೆ ನಿನ್ನೆಯ ಅಳತೆ ಇವತ್ತಿನ ಹುಳಿಗೆ ಹೊಂದುವುದಿಲ್ಲ. ಅದನ್ನು ಒಮ್ಮೆ ಬರಿದೇ ಕುಡಿದು ನೋಡಿ, ಎಲೆಯ ಉಪ್ಪಿಗೆ ಆಮೇಲೆ ಕೈ ಹಾಕಿ.